ಹನ್ನೊಂದು ಬ್ಯಾಚಿನ ದಡ್ಡರು

ನೀರು ಸರಬರಾಜು ಕಚೇರಿಯಲ್ಲಿ ಮೂವತ್ತೆರಡು ವರ್ಷ ಇಂಗ್ಲಿಷಿನಲ್ಲೇ ಪತ್ರ ಬರೆದು, ಮೇಲಧಿಕಾರಿಗಳ ಇಂಗ್ಲಿಷನ್ನೂ ತಿದ್ದಿ, ಹೆಡ್ ಕ್ಲಾರ್ಕಾಗಿ ನಿವೃತ್ತರಾದ ಮನುಷ್ಯ ವಾರಕ್ಕೆ ಮೂರು ಮಧ್ಯಾಹ್ನ ಇಸ್ತ್ರಿ ಅಂಗಿ ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು, ಇಂಗ್ಲಿಷಿನ ಎ ಬಿ ಸಿ ಡಿ ಕಲಿಯಲು ಹೋಗುತ್ತಿದ್ದರು ಎಂದರೆ ಯಾರೂ ನಂಬಲಿಕ್ಕಿಲ್ಲ. ಅವರ ಹೆಂಡತಿ ನಂಬಿದ್ದರು. ಕಳಿಸಿದ್ದೇ ಅವರು.

"ಹೋಗಿ, ಅಲ್ಲಿ ಒಂದು ಗಂಟೆ ದಡ್ಡರಾಗಿದ್ದು ಬನ್ನಿ. ಮನೇಲಿ ನಿಮ್ಮ ಜಾಣತನ ಜಾಸ್ತಿಯಾಗಿದೆ," ಎಂದಿದ್ದರು ಆಕೆ. ನಿವೃತ್ತಿಯಾದ ಮೇಲೆ ಕೆಲಸವಿಲ್ಲದ ಹೆಡ್ ಕ್ಲಾರ್ಕರು ಹಾಲಿನವನ ಚೀಟಿಯಿಂದ ಹಿಡಿದು ನಾದಿನಿಯ ಮಗಳ ಮದುವೆ ಕರೆಯೋಲೆಯವರೆಗೆ ಕೈಗೆ ಸಿಕ್ಕಿದ್ದನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದತೊಡಗಿದ್ದರು. ಕರೆಯೋಲೆಯನ್ನು ತಿದ್ದಿ ವಾಪಸು ಕಳಿಸಿದ ದಿನದಿಂದ ನಾದಿನಿ ಮಾತು ಬಿಟ್ಟಿದ್ದಳು.

ಸಂಗತಿ ಇಷ್ಟೇ. ಪೇಟೆ ಬೀದಿಯ ಕನ್ನಡಕದ ಅಂಗಡಿಯ ಮೇಲೆ ಒಂದು ತರಬೇತಿ ಕೇಂದ್ರವಿತ್ತು. ಪರದೇಶಕ್ಕೆ ಹೋಗಿ ಇಂಗ್ಲಿಷ್ ಕಲಿಸಬೇಕೆನ್ನುವವರನ್ನು ಅಲ್ಲಿ ಹತ್ತು ವಾರದಲ್ಲಿ ಮೇಷ್ಟ್ರು ಮಾಡಿ ಕಳಿಸುತ್ತಿದ್ದರು. ಅವರಿಗೆ ಪಾಠ ಮಾಡಿ ಅಭ್ಯಾಸವಾಗಬೇಕಲ್ಲ, ಅದಕ್ಕೆ ಇಂಗ್ಲಿಷ್ ಬಾರದ ಆರು ಜನ ಬೇಕು. ಪಾಠ ಪುಕ್ಕಟೆ, ಜೊತೆಗೆ ಚಹಾ, ಎರಡು ಬಿಸ್ಕತ್ತು. ಆದರೂ ಬಾರದವರು ಬರುತ್ತಿರಲಿಲ್ಲ. ಅವರಿಗೆ ದುಡಿಮೆ ಇರುತ್ತದೆ, ನಾಚಿಕೆಯೂ ಇರುತ್ತದೆ. ಹಾಗೆ ಕೊರತೆ ಬಿದ್ದ ಒಂದು ದಿನ ಕೇಂದ್ರದ ಮೇಡಂ, ಕನ್ನಡಕಕ್ಕೆ ಹೊಸ ಗಾಜು ಹಾಕಿಸಲು ಬಂದಿದ್ದ ಹೆಡ್ ಕ್ಲಾರ್ಕರನ್ನು ಹಿಡಿದರು.

"ಸಾರ್, ನಾಳೆಯಿಂದ ಒಂದು ಗಂಟೆ ಮೇಲೆ ಬಂದು ಸುಮ್ನೆ ಕೂತ್ಕೊಳ್ತೀರಾ? ತಲೆ ಲೆಕ್ಕಕ್ಕೆ."

ಸುಮ್ಮನೆ ಕೂರುವುದು ಹೆಡ್ ಕ್ಲಾರ್ಕರ ಜಾಯಮಾನದಲ್ಲೇ ಇರಲಿಲ್ಲ. ಮುಂದಿನ ಬೆಂಚಿನಲ್ಲಿ ಕೂತರು. ಮೊದಲ ದಿನವೇ ಅವರಿಗೊಂದು ಸತ್ಯ ಹೊಳೆಯಿತು: ಪಾಠ ಮಾಡುವ ಹುಡುಗ ಬೋರ್ಡಿನ ಮೇಲೆ ಬರೆದದ್ದನ್ನೇ ಅಳಿಸಿ ಅಳಿಸಿ ಬರೆಯುತ್ತಿದ್ದಾನೆ, ಯಾರಾದರೂ ಉತ್ತರಿಸಿದರೆ ಅವನು ಬದುಕುತ್ತಾನೆ. ಆದರೆ ಪೂರಾ ಸರಿಯಾಗಿ ಉತ್ತರಿಸಿದರೆ ಕಲಿಸುವುದಕ್ಕೆ ಏನು ಉಳಿಯುತ್ತದೆ? ಆದ್ದರಿಂದ ಅವರು ತೂಕ ನೋಡಿ ಒಂದು ತಪ್ಪು ಮಾಡಿದರು. ಹುಡುಗ ತಿದ್ದಿದ. ಅವರು ಕಣ್ಣರಳಿಸಿ "ಆಹಾ!" ಎಂದರು. ಹುಡುಗನ ಮುಖ ಇಷ್ಟಗಲವಾಯಿತು, ಮೂಲೆಯಲ್ಲಿ ಕೂತ ಮೇಡಂ ಅಂಕ ಹಾಕಿಕೊಂಡರು.

ಅಲ್ಲಿಂದ ಹಿಂತಿರುಗಿ ನೋಡಲಿಲ್ಲ. ಯಾವ ವಾರ ಯಾವ ತಪ್ಪು ಮಾಡಬೇಕು, ಯಾವ ಪಾಠಕ್ಕೆ ಜ್ಞಾನೋದಯವಾಗಬೇಕು ಎಂದು ಹಳೆಯ ಡೈರಿಯೊಂದರಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಬ್ಯಾಚು ಮುಗಿದು ಹೊಸದು ಶುರುವಾದರೆ ಮತ್ತೆ ಶುದ್ಧ ದಡ್ಡರು. ಮೇಡಂ ಗೊತ್ತಿದ್ದೂ ಗೊತ್ತಿಲ್ಲದ ಹಾಗಿದ್ದರು. ಡೈರಿಯ ಕೊನೆಯ ಪುಟದಲ್ಲಿ ತಮ್ಮಿಂದ ಪಾಸಾಗಿ ಹೊರಟವರ ಪಟ್ಟಿಯಿತ್ತು, ಎದುರಿಗೆ ದೇಶದ ಹೆಸರು. "ಹದಿನಾಲ್ಕು ದೇಶದಲ್ಲಿ ನನ್ನ ಮೇಷ್ಟ್ರುಗಳಿದ್ದಾರೆ ಕಣೇ," ಎಂದು ಹೆಂಡತಿಗೆ ಹೇಳುತ್ತಿದ್ದರು. "ನಿಮಗೆ ಕಲಿಸೋಕಾಗದೆ ದೇಶ ಬಿಟ್ಟವ್ರಾ?" ಎನ್ನುತ್ತಿದ್ದರು ಆಕೆ.

ಹನ್ನೊಂದನೇ ಬ್ಯಾಚಿಗೆ ಬಂದವರಲ್ಲಿ ಒಬ್ಬಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಒಂಬತ್ತು ವರ್ಷ ರಿಸೆಪ್ಷನಿಸ್ಟ್ ಆಗಿದ್ದವಳು. ವಯಸ್ಸು ಮೂವತ್ತನಾಲ್ಕು. ಕಡಲಾಚೆಯ ಒಂದು ಸಣ್ಣ ಊರಿನ ಶಾಲೆಯಿಂದ ಅವಳಿಗೆ ಕೆಲಸದ ಪತ್ರ ಬಂದಿತ್ತು. ಅಲ್ಲಿಯವರು ಆಡುವುದು ಸ್ಪ್ಯಾನಿಷ್. ಮೂರು ತಿಂಗಳೊಳಗೆ ತರಬೇತಿಯ ಸರ್ಟಿಫಿಕೇಟ್ ಬೇಕು, ಕೈಯಲ್ಲಿ ಒಂದಿಷ್ಟು ಸ್ಪ್ಯಾನಿಷ್ ಇರಬೇಕು, ಇಲ್ಲದಿದ್ದರೆ ಕೆಲಸ ಇನ್ನೊಬ್ಬರ ಪಾಲು. ಕ್ಲಿನಿಕ್ಕಿನ ಕೆಲಸವನ್ನು ಅವಳು ಆಗಲೇ ಬಿಟ್ಟಿದ್ದಳು. ಹಾಗಾಗಿ ಮಧ್ಯಾಹ್ನ ಇಂಗ್ಲಿಷ್ ಕಲಿಸುವುದನ್ನು ಕಲಿಯುವಳು, ಅದು ಮುಗಿದ ಅರ್ಧ ಗಂಟೆಗೆ ಅದೇ ಕೋಣೆಯಲ್ಲಿ ಸ್ಪ್ಯಾನಿಷ್ ಕಲಿಯುವಳು. ಅದನ್ನು ಕಲಿಸುತ್ತಿದ್ದವರು ಸ್ಪೇನಿನ ಹಡಗಿನಲ್ಲಿ ಇಪ್ಪತ್ತು ವರ್ಷ ಅಡುಗೆ ಮಾಡಿ ಬಂದ ಭಟ್ಟರು. ಕ್ಲಾಸಿನಲ್ಲೂ ಅವರದು ಅಡುಗೆಮನೆಯ ಗದರುವ ದನಿಯೇ.

ಪಾಸಾಗಲು ಮೂರು ಪರೀಕ್ಷಾ ಪಾಠಗಳಲ್ಲಿ ಎರಡು ದಾಟಬೇಕು. ಕ್ಲಿನಿಕ್ಕಿನವಳು ಮೊದಲನೆಯದನ್ನು ಹೇಗೋ ದಾಟಿದಳು. ಎರಡನೆಯದರಲ್ಲಿ ಹೆಡ್ ಕ್ಲಾರ್ಕರು ಅವಳ ಮೇಲಿನ ಕರುಣೆಯಿಂದ ಜೀವ ತೇಯ್ದು ಉತ್ತರ ಕೊಟ್ಟರು. ಅವಳು ಫೇಲಾದಳು. ಮೇಡಂ ಬರೆದ ಚೀಟಿಯಲ್ಲಿ ಹೀಗಿತ್ತು: ಒಬ್ಬರು ಇಪ್ಪತ್ತೆರಡು ಸಲ ಮಾತಾಡಿದರು, ಉಳಿದ ಐವರು ಒಟ್ಟು ಸೊನ್ನೆ ಸಲ.

"ಅಯ್ಯೋ ಪಾಪ, ಆ ಐದೂ ಮೂಗ ಬಸವಗಳು," ಎಂದು ಹೆಡ್ ಕ್ಲಾರ್ಕರು ಮನೆಯಲ್ಲಿ ಮರುಗಿದರು. ಕೊನೆಯ ಪಾಠಕ್ಕೆ ಹೊರಗಿನ ಪರೀಕ್ಷಕರು ಬರುವವರಿದ್ದರು. ಅದಕ್ಕೆಂದು ಡೈರಿಯಲ್ಲಿ ಆರು ಹೊಸ ತಪ್ಪುಗಳನ್ನು ಸಿದ್ಧ ಮಾಡಿಕೊಂಡರು.

ಪಾಠದ ಹಿಂದಿನ ದಿನ ಕನ್ನಡಕದ ಅಂಗಡಿಯವನು ಅವರನ್ನು ಕರೆದ. ಕಂಪನಿಯವರು ಒಡೆದ ಗಾಜಿನ ಪೆಟ್ಟಿಗೆ ಕಳಿಸಿದ್ದರು, ಇಂಗ್ಲಿಷಿನಲ್ಲೊಂದು ಖಾರದ ಪತ್ರ ಬೇಕಿತ್ತು. ಹೆಡ್ ಕ್ಲಾರ್ಕರು ಗಲ್ಲಾಪೆಟ್ಟಿಗೆಯ ಮೇಲೆ ಕಾಗದ ಇಟ್ಟುಕೊಂಡು, ಪೆನ್ನು ಎತ್ತದೆ ಒಂದೂವರೆ ಪುಟ ಎಳೆದರು. ಬರೆದದ್ದನ್ನು ಗಟ್ಟಿಯಾಗಿ ಓದಿ ತಲೆ ಎತ್ತಿದರೆ ಮೆಟ್ಟಿಲ ಬುಡದಲ್ಲಿ ಕ್ಲಿನಿಕ್ಕಿನವಳು ನಿಂತಿದ್ದಳು. ಅವರು ಕಾಗದವನ್ನು ಮಗುಚಿ ಹಾಕಿದರು.

"ನಂಗೆ ಮೊದಲೇ ಅನುಮಾನ ಇತ್ತು ಸಾರ್," ಎಂದಳು ಅವಳು. ಕೋಪವೇನೂ ಇರಲಿಲ್ಲ.

"ಹೇಗಮ್ಮಾ?" ಹೆಡ್ ಕ್ಲಾರ್ಕರಿಗೆ ನಾಚಿಕೆಗಿಂತ ಕಸುಬಿನ ಕುತೂಹಲ ಹೆಚ್ಚಾಯಿತು. "ಎಲ್ಲಿ ಸಿಕ್ಕಿಬಿದ್ದೆ?"

"ನೀವು ತಪ್ಪು ಮಾಡುವಾಗ ನಗ್ತಾ ಇರ್ತೀರ. ನಾನು ಆ ಸ್ಪ್ಯಾನಿಷ್ ಕ್ಲಾಸಲ್ಲಿ ಕೂರ್ತೀನಲ್ಲ, ಭಟ್ರು ನನ್ನ ಹೆಸರು ಕೇಳಿದ್ರೂ ಗಂಟಲು ಒಣಗುತ್ತೆ. ನಿಜವಾಗ್ಲೂ ಬರದೇ ಇರೋವ್ರು ತಪ್ಪು ಮಾಡಲ್ಲ ಸಾರ್. ಬಾಯೇ ತೆರೆಯಲ್ಲ. ಕ್ಲಿನಿಕ್ಕಲ್ಲಿ ಒಂಬತ್ತು ವರ್ಷ ಅಂಥ ಬಾಯಿಗಳನ್ನೇ ನೋಡಿದೀನಿ." ಅವಳು ಮೆಟ್ಟಿಲಿಗೆ ಕಾಲಿಟ್ಟು ಹೇಳಿದಳು. "ದಯವಿಟ್ಟು ನಾಳೆ ಬರ್ಬೇಡಿ."

ಮೂವತ್ತೆರಡು ವರ್ಷದ ನೌಕರಿಯಲ್ಲಿ ಒಂದು ಮೆಮೊ ಕೂಡ ಪಡೆಯದ ಮನುಷ್ಯ. ಅವತ್ತು ಚಹಾ ಕುಡಿಯದೆ ಮನೆಗೆ ಹೋದರು. ದುಃಖವಾಗಿತ್ತು, ಅದಕ್ಕಿಂತ ಅವಮಾನವಾಗಿತ್ತು.

"ನಾಳೆ ಆ ಹುಡುಗಿ ಮುಳುಗ್ತಾಳೆ. ನಾನಿಲ್ದೆ ಆ ಕ್ಲಾಸಲ್ಲಿ ಒಂದು ಪಿಟಕ್ ಅನ್ನಲ್ಲ," ಎಂದರು ಹೆಂಡತಿಯ ಹತ್ತಿರ.

"ನೀವಿದ್ದಾಗ ಯಾರು ತಾನೇ ಪಿಟಕ್ ಅಂತಾರೆ? ನಾನು ಅಂದಿದೀನಾ?" ಎಂದು ಹೆಂಡತಿ ಬಟ್ಟೆ ಮಡಚುತ್ತ ಹೇಳಿದರು. ಹೆಡ್ ಕ್ಲಾರ್ಕರು ಅದನ್ನು ಎಂದಿನಂತೆ ಕಿವಿಗೆ ಹಾಕಿಕೊಳ್ಳಲಿಲ್ಲ.

ಬರಬೇಡಿ ಎಂದದ್ದು ಕ್ಲಾಸಿಗೆ, ಕಾರಿಡಾರಿಗಲ್ಲ ಎಂಬ ನಿಯಮವನ್ನು ಕಚೇರಿಯ ಅಭ್ಯಾಸದಂತೆ ತಾವೇ ಮಾಡಿಕೊಂಡು, ಮರುದಿನ ಮಧ್ಯಾಹ್ನ ಬಾಗಿಲ ಹೊರಗಿನ ಕುರ್ಚಿಯಲ್ಲಿ ಕೂತರು. ಹುಡುಗಿ ತೀರಾ ಮುಳುಗುವ ಹಾಗಾದರೆ ತಡವಾಯಿತೆಂದು ಹೇಳಿ ಒಳಗೆ ನುಗ್ಗುವುದು, ಒಂದು ತಪ್ಪು, ಒಂದು ಆಹಾ, ಅಷ್ಟು ಸಾಕು. ಒಳಗೆ ಪರೀಕ್ಷಕರು ಕೆಮ್ಮುವುದು ಕೇಳಿಸಿತು. ಮುಂಚೆ ನೀವು ಏನು ಮಾಡುತ್ತಿದ್ದಿರಿ, ಈಗ ಏನು ಮಾಡುತ್ತೀರಿ ಎನ್ನುವುದು ಪಾಠದ ವಿಷಯ. ಕ್ಲಿನಿಕ್ಕಿನವಳು ತನ್ನದೇ ಉದಾಹರಣೆ ಕೊಟ್ಟಳು. ಆಮೇಲೆ ಪ್ರಶ್ನೆ ಹಾಕಿದಳು.

ಮೌನ.

ಹೆಡ್ ಕ್ಲಾರ್ಕರು ಎಣಿಸತೊಡಗಿದರು. ಐದು, ಹತ್ತು. ಏನಾದರೂ ಹೇಳಮ್ಮಾ, ಪ್ರಶ್ನೆಯನ್ನಾದರೂ ತಿರುಗಿಸಿ ಕೇಳಮ್ಮಾ! ಹದಿನೈದು. ಉತ್ತರ ನಾಲಗೆಯ ತುದಿಗೆ ಬಂದು ಕೂತಿತ್ತು. ಇಪ್ಪತ್ತೈದಕ್ಕೆ ಕುರ್ಚಿಯಿಂದ ಎದ್ದರು. ಮೂವತ್ತಕ್ಕೆ ಬಾಗಿಲ ಚಿಲಕದ ಮೇಲೆ ಕೈಯಿಟ್ಟರು. ಬಾಗಿಲ ಸಂದಿಯಲ್ಲಿ ಕ್ಲಿನಿಕ್ಕಿನವಳು ಕಂಡಳು. ಕೈ ಕಟ್ಟಿಕೊಂಡು, ಹೆದರಿದ ರೋಗಿಗೆ ಕುರ್ಚಿ ತೋರಿಸಿ ನಿಂತವಳಂತೆ, ಅವಸರವೇ ಇಲ್ಲದೆ ಕಾಯುತ್ತಿದ್ದಳು. ಅವಳ ಕಾಲಿನ ಹೆಬ್ಬೆರಳು ಮಾತ್ರ ಚಪ್ಪಲಿಯೊಳಗೆ ಕುಣಿಯುತ್ತಿತ್ತು. ಹೆಡ್ ಕ್ಲಾರ್ಕರು ಹಲ್ಲು ಕಚ್ಚಿ ನಿಂತರು. ನಲವತ್ತು ದಾಟಿತು.

ಆಗ ಎರಡನೇ ಬೆಂಚಿನಿಂದ ಒಂದು ದನಿ ಬಂತು. ಕೆಳಗಿನ ಅಂಗಡಿಯಲ್ಲಿ ಗಾಜು ಒರೆಸುವ ಹೆಂಗಸು, ಮೂರು ಬ್ಯಾಚಿನಿಂದ ಹೆಡ್ ಕ್ಲಾರ್ಕರ ಬೆನ್ನ ಹಿಂದೆ ಕೂರುತ್ತಿದ್ದವಳು. ಅವಳ ದನಿಯನ್ನು ಅವರು ಕೇಳಿದ್ದು ಅದೇ ಮೊದಲು.

"ಬಿಫೋರ್..." ಎಂದಳು. ನಿಂತಳು. ಯಾರೂ ನಡುವೆ ಬಾಯಿ ಹಾಕಲಿಲ್ಲ. "ಬಿಫೋರ್, ಐ ಸೀ ಹೆಡ್. ಸಾರ್ ಹೆಡ್. ಟುಡೇ, ಐ ಸೀ ಬೋರ್ಡ್."

ಒಳಗೆ ನಗು ಒಡೆಯಿತು. ಪರೀಕ್ಷಕರೂ ನಕ್ಕರು. ನಗುವಿನ ಬೆನ್ನಿಗೇ ಗೋಡೆ ಪಕ್ಕದ ಡ್ರೈವರ್ ಮುಂಚೆ ತಾನು ಲಾರಿ ಓಡಿಸುತ್ತಿದ್ದುದನ್ನು ಹೇಳಿದ, ಇನ್ನೊಬ್ಬಾಕೆ ಅವನನ್ನು ಅರ್ಧಕ್ಕೆ ತಡೆದು ತನ್ನದನ್ನು ಹೇಳಿದಳು. ಮೂಗ ಬಸವಗಳು ಐದೂ ಒಟ್ಟಿಗೆ ಮಾತಿಗೆ ಬಿದ್ದಿದ್ದವು.

ಹೆಡ್ ಕ್ಲಾರ್ಕರು ಚಿಲಕದಿಂದ ಕೈ ತೆಗೆದು ತಮ್ಮ ತಲೆಯನ್ನು ಮುಟ್ಟಿ ನೋಡಿಕೊಂಡರು. ಮೂರು ಬ್ಯಾಚು, ಅಂದರೆ ಮೂವತ್ತು ವಾರ. ಅದಕ್ಕೆ ಮುಂಚಿನ ಎಂಟು ಬ್ಯಾಚಿನಲ್ಲಿ ಹಿಂದೆ ಯಾರ್ಯಾರು ಕೂತಿದ್ದರೆಂದು ನೆನಪಿಸಿಕೊಳ್ಳಲು ಹೋದರು. ಒಂದು ಮುಖವೂ ನೆನಪಾಗಲಿಲ್ಲ. ಮೇಷ್ಟ್ರುಗಳ ಪಟ್ಟಿ ಡೈರಿಯಲ್ಲಿತ್ತು, ಇವರದ್ದನ್ನು ಎಲ್ಲೂ ಬರೆದಿಟ್ಟಿರಲಿಲ್ಲ. ಅವರಿಗೆ ನಿಜವಾಗಿಯೂ ಸಂಕಟವಾಯಿತು. ಚಹಾದ ತಟ್ಟೆ ಹೊತ್ತು ಬಂದ ಆಯಾ ಎಂದಿನಂತೆ ಎರಡು ಬಿಸ್ಕತ್ತು ಮುಂದೆ ಚಾಚಿದಳು. ಅವರು ಬೇಡವೆಂದು ತಲೆಯಾಡಿಸಿದರು.

ಕ್ಲಿನಿಕ್ಕಿನವಳು ಪಾಸಾದಳು. ಹೊರಗೆ ಬಂದು ಕುರ್ಚಿಯ ಮೇಲೆ ಅವರನ್ನು ಕಂಡು ಒಂದು ಕ್ಷಣ ಗಾಬರಿಯಾದಳು, ಆಮೇಲೆ ಎಲ್ಲ ಅರ್ಥವಾಯಿತು.

"ನಲವತ್ತೊಂದು ಎಣಿಸಿದೆ," ಎಂದರು ಹೆಡ್ ಕ್ಲಾರ್ಕರು.

"ನಾನು ಮೂವತ್ತಕ್ಕೇ ಲೆಕ್ಕ ತಪ್ಪಿದೆ ಸಾರ್. ಜೀವ ಹೋಗಿತ್ತು." ಅವಳ ಕಣ್ಣಲ್ಲಿ ನೀರಿತ್ತು. "ಈಗ ಸ್ಪ್ಯಾನಿಷ್ ಇದೆ, ಬನ್ನಿ. ಇದು ನಿಮಗೆ ಬರಲ್ಲ ತಾನೇ?"

ಬರುವುದಿಲ್ಲ ಎನ್ನಲು ಹೆಡ್ ಕ್ಲಾರ್ಕರಿಗೆ ಕಷ್ಟವಾಯಿತು, ಆದರೆ ಹೇಳಿದರು. ಕಾಲು ಅಭ್ಯಾಸಬಲದಿಂದ ಮುಂದಿನ ಬೆಂಚಿಗೆ ಹೋಯಿತು. ಅಲ್ಲಿ ಬ್ಯಾಂಕಿನವರೊಬ್ಬರು ಪೆನ್ನು ಪುಸ್ತಕ ಜೋಡಿಸಿಕೊಂಡು ಠೀವಿಯಿಂದ ಕೂತಿದ್ದರು. ಹೆಡ್ ಕ್ಲಾರ್ಕರು ಹಿಂದಕ್ಕೆ ಹೋಗಿ ಗೋಡೆಗೆ ಒರಗಿದರು. ಭಟ್ಟರು ಹೊಸ ತಲೆ ಕಂಡವರೇ ಬೆರಳು ತೋರಿಸಿ ಏನೋ ಕೇಳಿದರು. ಹೆಸರು ಕೇಳಿದ್ದಿರಬೇಕು, ಅಥವಾ ವಯಸ್ಸು. ಹೆಡ್ ಕ್ಲಾರ್ಕರ ಗಂಟಲು ಒಣಗಿತು. ಬ್ಯಾಂಕಿನವರು ತಟಕ್ಕನೆ ಉತ್ತರ ಕೊಟ್ಟರು. ಭಟ್ಟರು ಇನ್ನೊಂದು ಕೇಳಿದರು, ಅದಕ್ಕೂ ಬ್ಯಾಂಕಿನವರೇ. ಅವರ ಬೋಳುತಲೆಯ ಹಿಂಬದಿಯನ್ನು ನೋಡುತ್ತ ಹೆಡ್ ಕ್ಲಾರ್ಕರಿಗೆ ಜನ್ಮದಲ್ಲಿ ಯಾರ ಮೇಲೂ ಬಾರದ ಸಿಟ್ಟು ಬಂತು. ಒಂದು ಗಂಟೆಯಲ್ಲಿ ಹೆಡ್ ಕ್ಲಾರ್ಕರ ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ.

ಮನೆಗೆ ಬಂದಾಗ ಹೆಂಡತಿ ಎಂದಿನಂತೆ ಕೇಳಿದರು, "ಏನು ಕಲಿತ್ರಿ ಇವತ್ತು?"

ಹೆಡ್ ಕ್ಲಾರ್ಕರು ಚಪ್ಪಲಿ ಬಿಟ್ಟು, ಜೇಬಿನ ಪೆನ್ನು ತೆಗೆದು ಮೇಜಿನ ಮೇಲಿಟ್ಟು ಹೇಳಿದರು, "ನಂಗೇನೂ ಗೊತ್ತಾಗ್ಲಿಲ್ಲ ಕಣೇ."

ಹೆಂಡತಿ ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟರು. ಅವರ ಮುಖವನ್ನು ದಿಟ್ಟಿಸಿ, ಇದರಲ್ಲಿ ನಾಟಕವಿಲ್ಲವೆಂದು ಖಾತ್ರಿ ಮಾಡಿಕೊಂಡರು. ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು.

"ಇನ್ನೊಂದ್ಸಲ ಹೇಳಿ," ಎಂದರು. "ಮೂವತ್ತೊಂಬತ್ತು ವರ್ಷದಿಂದ ಕಾಯ್ತಾ ಇದೀನಿ."