ಕೈಮುಗಿದವರ ಬೀದಿ

ನಮ್ಮ ನಿವಾಸಿಗಳ ಸಂಘದ ಅಧ್ಯಕ್ಷರು ವಾಟ್ಸಾಪ್ ಗುಂಪಿಗೆ ದಿನಾ ಬೆಳಿಗ್ಗೆ ಒಂದು ವಾಯ್ಸ್ ಮೆಸೇಜ್ ಹಾಕುತ್ತಾರೆ. ನಾಲ್ಕು ನಿಮಿಷಕ್ಕೆ ಕಡಿಮೆಯಿಲ್ಲ. ಕಸದ ಗಾಡಿ, ನೀರಿನ ಸರದಿ, ನಾಯಿ ಕಟ್ಟದವರಿಗೆ ಬೈಗುಳ. ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಅದನ್ನು ಪೂರ್ತಿ ಕೇಳಿದವರು ಯಾರೂ ಇಲ್ಲ. ಆದರೆ ಹಿರಿಯರು, ನಿವೃತ್ತ ಬ್ಯಾಂಕ್ ಮ್ಯಾನೇಜರು ಬೇರೆ. ಹಾಗಾಗಿ ಎಲ್ಲರೂ ಅದರ ಕೆಳಗೆ ಕೈಮುಗಿಯುವ ಚಿತ್ರವೊಂದನ್ನು ಒತ್ತಿ ಒಲೆ ಹಚ್ಚಲು ಹೋಗುತ್ತೇವೆ. ನಾನಂತೂ ಹಲ್ಲುಜ್ಜುತ್ತಲೇ ಒತ್ತುವವಳು.

ಆ ಗುರುವಾರವೂ ಒತ್ತಿದೆ. ಹತ್ತು ನಿಮಿಷಕ್ಕೆ ಮಹಡಿ ಮನೆಯ ಹುಡುಗಿ ಇಳಿದು ಬಂದಳು. ತಾಂಜಾನಿಯಾದವಳು, ಕೆಂಗೇರಿ ಕಡೆಯ ಕಾಲೇಜಿನಲ್ಲಿ ಫಾರ್ಮಸಿ ಓದುತ್ತಾಳೆ, ಎರಡು ವರ್ಷದಿಂದ ನಮ್ಮಲ್ಲಿ ಬಾಡಿಗೆಗಿದ್ದು ಕನ್ನಡವನ್ನೂ ಕಲಿತಿದ್ದಾಳೆ. ನನ್ನ ಜೋಳದ ರೊಟ್ಟಿಗೆ ಅವಳಷ್ಟು ಮರ್ಯಾದೆ ಕೊಟ್ಟವರು ನಮ್ಮ ಮನೆಯಲ್ಲೇ ಇಲ್ಲ. ನೀರು ಬರುವ ಹೊತ್ತು ತಿಳಿಯಲಿ ಎಂದು ಅವಳನ್ನು ಗುಂಪಿಗೆ ಸೇರಿಸಿದವಳೂ ನಾನೇ.

“ಆಂಟಿ, ನೀವೂನಾ?” ಎಂದು ಫೋನನ್ನು ನನ್ನ ಮುಂದೆ ಹಿಡಿದಳು.

ಆಗ ಆ ದಿನದ ಮೆಸೇಜನ್ನು ಪೂರ್ತಿ ಕೇಳಿದೆ. ಹಿಂದಿನ ಸಂಜೆ ಅವಳು ನಮ್ಮ ಗೇಟಿನ ಮುಂದೆ ನಿಂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಬೀಟ್ ಪೊಲೀಸರು ಬಂದು, ನಾನು ತರಕಾರಿ ಚೀಲದೊಂದಿಗೆ ಓಡಿಬಂದು “ನಮ್ಮನೆ ಹುಡುಗಿ ಸಾರ್” ಅನ್ನುವ ತನಕ, ಅರ್ಧ ಗಂಟೆ ವಿಚಾರಿಸಿದ್ದರು. ಅದಕ್ಕೆ ಅಧ್ಯಕ್ಷರ ತೀರ್ಪು ಇದು: “ಪೊಲೀಸ್ನೋರು ಮಾಡಿದ್ದು ಸರಿಯಾಗೇ ಇದೆ. ಆ ಬಣ್ಣದೋರನ್ನ ನಿಲ್ಸಿ ಕೇಳ್ಲೇಬೇಕು. ಆ ಜನಾನೇ ಹಾಗೆ.” ಕೆಳಗೆ ನಲವತ್ತು ಜನ ಕೈಮುಗಿದಿದ್ದರು. ಮೊದಲನೆಯವಳು ನಾನು.

“ತಿಂಗಳ ಕೊನೆಗೆ ಮನೆ ಖಾಲಿ ಮಾಡ್ತೀನಿ,” ಎಂದಳು ಹುಡುಗಿ. ನಾಚಿಕೆಯಿಂದ ಸತ್ತೇ ಹೋದೆ. ಕೇಳದೇ ಒತ್ತಿದೆ ಕಣೇ ಎಂದರೆ ಅದೇನು ಸಮಾಧಾನದ ಮಾತೇ? ಅವಳು ಹೋಗಬಾರದು, ನನಗೆ ಅಷ್ಟೇ ಬೇಕಿತ್ತು.

ಗುಂಪಿನಲ್ಲಿ ಬರೆದೆ: ಇವತ್ತಿನದನ್ನು ದಯವಿಟ್ಟು ಕೇಳಿ. ಬೀದಿಗೆ ಬೀದಿಯೇ ಕೇಳಿತು, ಆಮೇಲೆ ನೋಡಬೇಕಿತ್ತು ಗಲಾಟೆ! ಕೈಗಳನ್ನು ಅಳಿಸುವುದು ಹೇಗೆಂದು ಗೊತ್ತಿಲ್ಲದವರು ಮಕ್ಕಳನ್ನು ಎಬ್ಬಿಸಿದರು. ಒಬ್ಬರು ಕೋಪದ ಮುಖವನ್ನು ಅಧ್ಯಕ್ಷರಿಗೆ ಒತ್ತಲು ಹೋಗಿ ಅದರ ಕೆಳಗಿದ್ದ ನಾಮಕರಣದ ಆಹ್ವಾನಕ್ಕೆ ಒತ್ತಿದರು. ಮಗುವಿನ ಅಜ್ಜಿ ಜಗಳಕ್ಕೇ ಬಂದರು. ಅಧ್ಯಕ್ಷರು ಮಾತ್ರ ಜಗ್ಗಲಿಲ್ಲ: “ಇಷ್ಟು ಜನ ಕೈಮುಗಿದಿದೀರ. ಇಡೀ ಬೀದಿ ನನ್ ಕಡೆ ಇದೆ.”

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ ಎನ್ನುವುದೇ ನನ್ನನ್ನು ಉರಿಸಿದ್ದು. ಬಣ್ಣ ನೋಡಿ ನಿಲ್ಲಿಸುವ ಪದ್ಧತಿ ಒಬ್ಬ ಪೇದೆಯಿಂದಲೋ ಒಬ್ಬ ಅಧ್ಯಕ್ಷರಿಂದಲೋ ನಡೆಯುವುದಿಲ್ಲ. ಹಲ್ಲುಜ್ಜುತ್ತಾ ಒಪ್ಪಿಗೆ ಕೊಡುವ ನನ್ನಂಥವರು ಬೇಕು.

ಎದುರು ಮನೆಯ ನಿವೃತ್ತ ಹೆಡ್‌ಮಿಸ್ ದಾರಿ ಹುಡುಕಿದರು. “ಅವ್ಳು ಮಾಡಿದ ತಪ್ಪನ್ನೇ ನಾವೂ ಮಾಡೋಣ ಕಣ್ರೀ. ಸಂಜೆ ಎಲ್ರೂ ಅವರವರ ಗೇಟ್ ಮುಂದೆ ನಿಂತು ಫೋನಲ್ಲಿ ಮಾತಾಡೋಣ. ಎಷ್ಟು ಜನಾನ ಹಿಡೀತಾರೋ ನೋಡ್ತೀನಿ.”

ಸಂಜೆ ಆರೂವರೆಗೆ ಬೀದಿಯುದ್ದಕ್ಕೂ ಹೆಂಗಸರು, ಗಂಡಸರು. ನೈಟಿಯ ಮೇಲೆ ದುಪಟ್ಟಾ ಹೊದ್ದವರು, ಚಡ್ಡಿಯಲ್ಲೇ ಬಂದವರು, ಎಲ್ಲರ ಕಿವಿಯಲ್ಲೂ ಫೋನು. ಮಾತಾಡಲು ಯಾರೂ ಸಿಗದೆ ಪಕ್ಕದ ಮನೆಯವರು ನನಗೇ ಫೋನ್ ಮಾಡಿದರು. ಎರಡು ಮಾರು ದೂರದಲ್ಲಿ ನಿಂತು ಸಾರಿಗೆ ಹುಣಸೆಹಣ್ಣು ಎಷ್ಟು ಹಾಕಬೇಕೆಂದು ಕೂಗಾಡಿದೆವು. ಅಧ್ಯಕ್ಷರ ಹೆಂಡತಿ ಕೂಡ ಗೇಟಿನಾಚೆ ಬಂದು, ಒಳಗಿದ್ದ ಗಂಡನಿಗೇ ಫೋನ್ ಮಾಡಿ, “ನಿಮ್ ಕಾಫಿ ನೀವೇ ಮಾಡ್ಕೊಳ್ಳಿ,” ಎಂದರು. ನಕ್ಕೂ ನಕ್ಕೂ ನನ್ನ ಪಕ್ಕೆ ಹಿಡಿದುಕೊಂಡಿತು. ನನ್ನ ಪಕ್ಕದಲ್ಲಿ ನಿಂತಿದ್ದ ಹುಡುಗಿಯ ಕಣ್ಣಲ್ಲೂ ನೀರು ಬರುವಷ್ಟು ನಗು. ಇನ್ನು ಇವಳು ಎಲ್ಲಿಗೂ ಹೋಗುವುದಿಲ್ಲ, ಗೆದ್ದೆವು ಎಂದುಕೊಂಡೆ.

ಬೀಟಿನ ಬೈಕ್ ಬಂತು. ಪೇದೆ ನಿಧಾನ ಮಾಡಿ, “ಏನ್ ಆಂಟಿ, ಎಲ್ರೂ ಆಚೆ ಇದೀರ, ಕರೆಂಟ್ ಹೋಗಿದ್ಯಾ?” ಎಂದು ನಕ್ಕ. ನಮ್ಮ ಗೇಟಿನ ಹತ್ತಿರ ಅವನ ನೋಟ ನನ್ನಿಂದ ಅವಳತ್ತ ಹೊರಳಿತು. ಅವನಿನ್ನೂ ಬಾಯಿ ತೆರೆದಿರಲಿಲ್ಲ. ಅಷ್ಟರಲ್ಲಿ ಹುಡುಗಿ ಜಾಕೆಟ್ಟಿನ ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿದ್ದ ಪಾಸ್‌ಪೋರ್ಟ್ ತೆಗೆದು ಮುಂದೆ ಚಾಚಿಯಾಗಿತ್ತು. ತೆಗೆಯುವಾಗಲೂ ಅವಳು ನಗುತ್ತಲೇ ಇದ್ದಳು.

“ಬೇಡಮ್ಮ, ಇರ್ಲಿ,” ಎಂದು ಅವನು ಹೊರಟ.

ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ನಮ್ಮ ತಮಾಷೆಗೆ ಬರುವಾಗಲೂ ಅವಳು ಅದನ್ನು ಮರೆಯದೆ ತಂದಿದ್ದಳು. ಇಡೀ ಬೀದಿಯಲ್ಲಿ ಬೇರೆ ಯಾರ ಬಳಿಯೂ ತಾನು ಯಾರೆಂದು ತೋರಿಸುವ ಒಂದು ಚೀಟಿ ಇರಲಿಲ್ಲ. ಮನೆ ಖಾಲಿ ಮಾಡುವ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಎತ್ತಿದ್ದರೆ, ಹೋಗಬೇಡ ಅನ್ನಲು ನನಗೆ ಬಾಯಿ ಬರುತ್ತಿರಲಿಲ್ಲ.