ನೀರುಗಂಟಿ ಮಾವ ಬೆಟ್ಟ ಹತ್ತಿದ್ದು

ಅವರ ಪಾದಗಳಿಗೆ ಯಾವ ಬೂಟೂ ಆಗುತ್ತಿರಲಿಲ್ಲ. ಹೆಬ್ಬೆರಳು ಉಳಿದ ನಾಲ್ಕರ ಜೊತೆ ಮುನಿಸಿಕೊಂಡಂತೆ ದೂರ ನಿಂತಿತ್ತು. ಹಿಮ್ಮಡಿಯ ಬಿರುಕುಗಳಲ್ಲಿ ಕೆಸರು ಇಳಿದು ಚರ್ಮದ ಬಣ್ಣವೇ ಆಗಿಹೋಗಿತ್ತು. ಹೆಮ್ಮರಗಾಲದ ಬಯಲಿನಲ್ಲಿ ನಾಲೆಯ ಏರಿ ಮೇಲೆ ನಡೆದು, ತೂಬು ತೆಗೆದು, ಗದ್ದೆಗಳಿಗೆ ಸರದಿಯಂತೆ ನೀರು ಹಂಚುತ್ತಿದ್ದ ನೀರುಗಂಟಿ ಅವರು. ಅಪ್ಪನ ಗೆಳೆಯ. ನಾನು ಮಾವ ಎನ್ನುತ್ತಿದ್ದೆ.

ಕಾಲುವೆಯ ತುದಿಯ ಗದ್ದೆ ನೆನೆದ ಮೇಲೇ ತೂಬಿನ ಪಕ್ಕದ ಗದ್ದೆಗೆ ನೀರು ಎಂಬುದು ಅವರ ಕಾನೂನು. ಪಕ್ಕದವರು ಕೂಗಾಡಿದರೆ, "ನಿಂಗೆ ನೀರು ಕಣ್ಗಾದ್ರೂ ಕಾಣ್ತದೆ. ತುದೀಲಿರೋನ್ಗೆ ನನ್ನ ಮಾತ್ ಬುಟ್ರೆ ಇನ್ನೇನದೆ?" ಎನ್ನುತ್ತಿದ್ದರು. ಕೆಲಸ ಬಿಟ್ಟ ಮೇಲೂ ಸರದಿಯ ಜಗಳವೆದ್ದರೆ ಅವರನ್ನೇ ಕರೆಯುತ್ತಿದ್ದರು.

ನಂಜನಗೂಡಿನ ನಮ್ಮ ಕಾಲೇಜಿನ ಉಪನ್ಯಾಸಕರು ಏಳು ಮಂದಿ, ಕಬಿನಿಗೆ ನೀರು ಬರುವ ಕಡೆಯ ಬೆಟ್ಟಕ್ಕೆ ಒಬ್ಬ ಗೈಡಿನ ಜೊತೆ ಚಾರಣ ಹೊರಟೆವು. ಕಾಡಿನ ಕಣಿವೆಯಲ್ಲಿ ದಿನವಿಡೀ ನಡೆದು, ಮೇಲೆ ಹಳ್ಳದ ದಡದ ಹುಲ್ಲುಬಯಲಿನಲ್ಲಿ ಡೇರೆ ಹಾಕಿ ಮಲಗುವುದು. ವಿಷಯ ತಿಳಿದ ಮಾವ, "ಇಷ್ಟ್ ವರ್ಸ ನೀರ್ ಬುಟ್ಟೆ. ಅದು ಎಲ್ಲುಟ್ತದೆ ಅಂತ ಒಂದಿನಾನೂ ನೋಡ್ನಿಲ್ಲ ಕಣವ್ವ" ಎಂದರು. ಕರೆದುಕೊಂಡು ಹೋದೆ.

ಅವರು ಬರಿಗಾಲಲ್ಲಿ, ಎಲ್ಲರಿಗಿಂತ ಹಿಂದೆ ನಡೆದರು. ಮುಂದೆ ಹೋಗಿ ಎಂದರೆ ಕೇಳಲಿಲ್ಲ. ಕೊನೆಯವಳು ನಾನೇ ಆಗಿದ್ದರಿಂದ ನನ್ನ ಹಿಂದೆಯೇ ಬಂದರು. ಮಧ್ಯಾಹ್ನದ ಹೊತ್ತಿಗೆ ಮುಂದಿನವರ ಮಾತು ಕೇಳಿಸದಾಯಿತು. ದಾರಿಗೆ ಅಡ್ಡಲಾಗಿ ಒಂದು ದೊಡ್ಡ ಮರ ಬಿದ್ದಿತ್ತು. ಅದರಾಚೆ ಬರೀ ತರಗೆಲೆ. ಎಡಕ್ಕೆ ನೀರಿನ ಸದ್ದು. ನಮ್ಮ ಬಯಲಿನಲ್ಲಿ ದಾರಿ ತಪ್ಪಿದವರು ನಾಲೆ ಹಿಡಿದು ಹೋದರೆ ಸಾಕು, ಯಾವುದಾದರೂ ಊರು ಸಿಕ್ಕೇ ಸಿಗುತ್ತದೆ. ಶಿಬಿರ ಇರುವುದೂ ಹಳ್ಳದ ದಡದಲ್ಲೇ ಅಲ್ಲವೇ? ಇಬ್ಬರೂ ಹಳ್ಳಕ್ಕಿಳಿದು, ನೀರು ಹರಿಯುವ ಕಡೆಗೇ ನಡೆದೆವು. ತುಂಬ ಹೊತ್ತಿನ ಮೇಲೆ ನೆಲ ಮುಗಿಯಿತು. ನೀರು ಬಂಡೆಯಿಂದ ಕೆಳಗೆ ಬೀಳುತ್ತಿತ್ತು. ಕೆಳಗೆ ಮರಗಳ ನೆತ್ತಿ ಮಾತ್ರ ಕಾಣುತ್ತಿತ್ತು. ಮಾವ ನನ್ನ ಚೀಲದ ಪಟ್ಟಿ ಹಿಡಿದು ಹಿಂದಕ್ಕೆಳೆದರು.

"ನಾಲೆ ನೀರು ನಾವ್ ಯೋಳ್ದಂಗೆ ಓಯ್ತದೆ. ಇದು ಯಾರ್ ಮಾತ್ನೂ ಕೇಳಿದ್ದಲ್ಲ. ನಡಿ, ಮ್ಯಾಕತ್ತುಮ."

ಬಿದ್ದ ಮರದವರೆಗೆ ಮತ್ತೆ ಹತ್ತಿದೆವು. ಅಷ್ಟರಲ್ಲಿ ಗೈಡಿನ ಸೀಟಿ ಕೇಳಿಸಿತು. ಅಷ್ಟು ಇಂಪಾದ ಸದ್ದನ್ನು ನಾನು ಮತ್ತೆ ಕೇಳಿಲ್ಲ. ಕತ್ತಲಾಗುವ ಮುನ್ನ ಡೇರೆಗಳ ಹತ್ತಿರ ಬಂದಾಗ ಸಹೋದ್ಯೋಗಿಗಳೆಲ್ಲ ಎದ್ದು ನಿಂತಿದ್ದರು. ಹೀಗೆ ಯಾರಾದರೂ ಹಳ್ಳಕ್ಕಿಳಿಯುತ್ತಾರೆಯೇ ಎಂದು ಗೈಡು ಸಿಡುಕಿದ.

"ನಾನೇ ಕರ್ಕೊಂಡೋದೆ ಸಾ. ನೀರಿನ್ ಸದ್ದ್ ಕೇಳಿ ಬುದ್ದಿ ಕೆಟ್ಟೋಯ್ತು" ಎಂದರು ಮಾವ.

ಎಲ್ಲರೂ ನಕ್ಕರು. ನಾನೂ ನಕ್ಕೆ.

ಊರಿಗೆ ಬಂದ ಮೇಲೆ ಈ ಕಥೆಯನ್ನು ಎಷ್ಟು ಕಡೆ ಹೇಳಿದೆನೋ. ನೀರುಗಂಟಿಗೇ ನೀರು ದಾರಿ ತಪ್ಪಿಸಿತು ಎಂದರೆ ಮದುವೆಮನೆಯಲ್ಲೂ ಜನ ಊಟ ನಿಲ್ಲಿಸಿ ಕೇಳುತ್ತಿದ್ದರು. ಕಥೆ ಹೆಮ್ಮರಗಾಲಕ್ಕೂ ತಲುಪಿತು. ಹಾಲಿನ ಡೇರಿಯಲ್ಲಿ ಅವರ ಓರಗೆಯ ರೈತರೊಬ್ಬರು, "ಏನ್ಲಾ ನೀರುಗಂಟಿ, ಬೆಟ್ಟದ್ ನೀರು ಎತ್ಲಾಗ್ ಓಯ್ತದಂತೆ?" ಎಂದು ಕೆಣಕುವುದು ನಿತ್ಯದ ಮಾತಾಯಿತು. ಮುಂದೊಂದು ದಿನ ಸರದಿಯ ಜಗಳದಲ್ಲಿ ಅದೇ ರೈತರು, "ದಾರಿ ತೆಪ್ಪಿದೋನು ನ್ಯಾಯ ಯೋಳ್ತಾನಾ? ಬುಡ್ರಪ್ಪ" ಎಂದುಬಿಟ್ಟರಂತೆ. ಆಮೇಲೆ ಮಾವನನ್ನು ತೂಬಿನ ಹತ್ತಿರ ಯಾರೂ ಕರೆಯಲಿಲ್ಲ.

ಕಳೆದ ವರ್ಷ ಮನೆ ಬದಲಿಸುವಾಗ ಆ ಚಾರಣದ ಡೈರಿ ಸಿಕ್ಕಿತು. ಡೇರೆಯೊಳಗೆ ಕುಳಿತು ಬರೆದ ವಕ್ರ ಅಕ್ಷರ: "ಹಳ್ಳಕ್ಕೆ ಇಳಿಯೋಣ ಎಂದವಳು ನಾನು. ಮಾವ ಎರಡು ಸಲ ಬೇಡ ಎಂದರು. ಒಬ್ಬಳನ್ನೇ ಬಿಡಲಾರದೆ ಬಂದರು."

ಅವರು ಬೇಡ ಎಂದದ್ದು ನನಗೆ ನೆನಪಿರಲಿಲ್ಲ. ಈಗಲೂ ಇಲ್ಲ. ಕಣ್ಣು ಮುಚ್ಚಿದರೆ ಮುಂದೆ ಮಾವ, ಹಿಂದೆ ನಾನು ಇಳಿಯುತ್ತಿರುವ ಚಿತ್ರವೇ ಬರುತ್ತದೆ. ಹೇಳಿ ಹೇಳಿ ನಾನೇ ಕಟ್ಟಿಕೊಂಡ ಚಿತ್ರವಿರಬೇಕು. ಕಾಗದವನ್ನೇ ನಂಬಿದೆ.

ಮರುದಿನ ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಹೆಮ್ಮರಗಾಲದ ಡೇರಿಗೆ ಹೋದೆ. ಕ್ಯಾನು ಹಿಡಿದು ನಿಂತವರಲ್ಲಿ ಮಾವನೂ ಕೆಣಕುತ್ತಿದ್ದ ಆ ರೈತರೂ ಇದ್ದರು. ಎಲ್ಲರ ಮುಂದೆ ಡೈರಿಯ ಆ ಪುಟವನ್ನು ಓದಿದೆ. ತಪ್ಪು ನನ್ನದು, ಇಷ್ಟು ದಿನ ಸುಳ್ಳು ಹೇಳಿದ್ದೇನೆ ಎಂದೆ.

"ಆಲು ಒಡ್ದೋಯ್ತದೆ, ಸರ್ಕೋ ಅತ್ಲಾಗೆ" ಎಂದರು ಮಾವ.

ಆಗ ಆ ರೈತರು ಕೆಮ್ಮಿ, "ಲೇ, ನಾಳೀಕೆ ತೂಬಿನ್ ತಾವ್ ಬಾರ್ಲಾ. ನಮ್ದೊಂದ್ ಸರದಿ ಪಂಚಾಯ್ತಿ ಅದೆ" ಎಂದರು.

ಅವತ್ತು ಶಿಬಿರದಲ್ಲೇ ಯಾಕೆ ನಿಜ ಹೇಳಲಿಲ್ಲ ಎಂದು ಹೊರಗೆ ಬಂದ ಮೇಲೆ ಕೇಳಿದೆ.

"ನೀನು ಅವರ್ ಜೊತೆ ದಿನಾ ಕೆಲ್ಸ ಮಾಡೋಳು. ನಂಗೇನು, ಬಸ್ ಅತ್ತಿ ಊರ್ಗ್ ಬರೋನು."

ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಸುದ್ದಿ ಬಂದಾಗ ಮೊದಲು ಅಳು ಬರಲಿಲ್ಲ. ಆ ಡೈರಿ ಕಳೆದ ವರ್ಷ ಸಿಗದೆ ಅವರು ಹೋದ ಮೇಲೆ ಸಿಕ್ಕಿದ್ದರೆ ಎಂಬ ಯೋಚನೆ ಬಂತು, ಅದರ ಹಿಂದೆಯೇ ನೆಮ್ಮದಿಯ ದೊಡ್ಡದೊಂದು ನಿಟ್ಟುಸಿರು. ಮಣ್ಣು ಹಾಕಿ ಬರುವಾಗ ಆ ರೈತರು ನನ್ನ ಪಕ್ಕದಲ್ಲಿ ನಡೆಯುತ್ತಿದ್ದರು.

"ಆಚೆ ಮೊನ್ನೆ ತೂಬಿನ್ ತಾವ್ ನಿಂತ್ಕೊಂಡು ನಂಗೇ ಬೋದ ಕಣವ್ವ. 'ನಿನ್ ಸರದಿ ಮುಗೀತು, ಮಡುಗ್ಲಾ ಗುದ್ಲಿಯ' ಅಂದ."

"ನೀವೇನು ಮಾಡಿದ್ರಿ?"

"ಮಡುಗ್ದೆ."