ಸಾಲಿಗ್ರಾಮ ಶಾಲೆಗೆ ಹೋದ ದಿನ

ತಪ್ಪು ನನ್ನದೇ. ಮಾವನ ದೂರದ ದಾಯಾದಿಯೊಬ್ಬರು ತೀರಿಕೊಂಡಿದ್ದರು. ಸೂತಕ ಇರುವಷ್ಟು ದಿನ ನಮ್ಮ ಮನೆಯಲ್ಲಿ ಪೂಜೆಯಿಲ್ಲ, ಸಾಲಿಗ್ರಾಮದ ಪೆಟ್ಟಿಗೆಯನ್ನು ಯಾರೂ ತೆರೆಯುವುದಿಲ್ಲ. ಹತ್ತು ದಿನ ಎಂದು ನಾನೇ ತೀರ್ಮಾನಿಸಿಕೊಂಡೆ, ಯಾರನ್ನೂ ಕೇಳಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಸಾಲಿಗ್ರಾಮವನ್ನು ಟಿಫಿನ್ ಡಬ್ಬಿಯಲ್ಲಿ ಹತ್ತಿಯ ಮೇಲಿಟ್ಟು, ಬೆಟ್ಟಂಪಾಡಿಯಿಂದ ಪುತ್ತೂರಿನ ನನ್ನ ಶಾಲೆಗೆ ಸ್ಕೂಟರ್ ಬಿಟ್ಟೆ. ನಮ್ಮ ಮನೆಯಲ್ಲಿ ಹೆಂಗಸರು ಅದನ್ನು ಮುಟ್ಟುವ ಪದ್ಧತಿಯೇ ಇಲ್ಲ. ಆದರೆ ಪಳೆಯುಳಿಕೆಯ ಪಾಠ ಮಾಡುವ ವಿಜ್ಞಾನದ ಟೀಚರಿಗೆ ಅದಕ್ಕಿಂತ ಒಳ್ಳೆಯ ಕಲ್ಲು ಈ ತಾಲೂಕಿನಲ್ಲಿ ಎಲ್ಲಿ ಸಿಗಬೇಕು?

ಕಪ್ಪು ಕಲ್ಲು. ಒಂದು ಬದಿ ಒಡೆದು ಒಳಗಿನ ಸುರುಳಿ, ಅದರ ಗೀರುಗಳು ಕಾಣುತ್ತವೆ. ಮಕ್ಕಳ ಕೈಯಿಂದ ಕೈಗೆ ದಾಟಿಸಿದೆ. ಇದು ಅಮ್ಮೊನೈಟ್, ಕೋಟಿಗಟ್ಟಲೆ ವರ್ಷಗಳ ಹಿಂದೆ ಸಮುದ್ರದಲ್ಲಿದ್ದ ಪ್ರಾಣಿಯ ಚಿಪ್ಪಿನ ಅಚ್ಚು, ಮೀನು ಮಾರ್ಕೆಟ್ಟಿನಲ್ಲಿ ಬೊಂಡಾಸ್ ಎಂದು ಮಾರುವ ಸ್ಕ್ವಿಡ್‌ನ ದೂರದ ನೆಂಟ ಎಂದಾಗ ಕ್ಲಾಸಿಡೀ ನಕ್ಕಿತು. ಟಗರಿನ ಕೊಂಬಿನಂತೆ ಸುತ್ತಿಕೊಂಡವು, ಕೋಲಿನಂತೆ ನೆಟ್ಟಗಿದ್ದವು, ಅಂಗಿಯ ಗುಂಡಿಯಷ್ಟು ಚಿಕ್ಕವು, ಗಾಡಿ ಚಕ್ರದಷ್ಟು ದೊಡ್ಡವು, ಎಲ್ಲ ಇದ್ದವು. ಕಛ್‌ನಲ್ಲಿ ಸಿಗುತ್ತವೆ, ತಮಿಳುನಾಡಿನ ಅರಿಯಲೂರಿನಲ್ಲಿ ಸಿಗುತ್ತವೆ, ಹಿಮಾಲಯದ ಸ್ಪಿತಿಯಲ್ಲೂ. ಇದು ನೇಪಾಳದ ಗಂಡಕಿ ನದಿಯದ್ದು ಎಂದೆ.

"ಟೀಚರ್, ನಮ್ಮ ಕುಮಾರಧಾರೆಯಲ್ಲಿ ಯಾಕೆ ಸಿಗುದಿಲ್ಲ?" ಎಂದಳು ಕಡಬದಿಂದ ಬರುವ ಹುಡುಗಿಯೊಬ್ಬಳು.

ನಮ್ಮ ಬಂಡೆ ಈ ಪ್ರಾಣಿಗಳಿಗಿಂತಲೂ ಎಷ್ಟೋ ಹಳೆಯದು, ಸಮುದ್ರದ ಕೆಸರು ಗಟ್ಟಿಯಾಗಿ ಆದದ್ದಲ್ಲ ಎನ್ನುತ್ತಿರುವಾಗಲೇ ಅತ್ತೆಯ ಫೋನ್.

"ಸಾಲಿಗ್ರಾಮ ಕಾಣುದಿಲ್ಲ ಮಾರಾಯ್ತಿ! ದೂರದವರಿಗೆ ಮೂರೇ ದಿನ ಅಲ್ವಾ ಸೂತಕ? ಮಾವ ಪೂಜೆಗೆ ಕೂತಾಯ್ತು. ಇಂಜೆಕ್ಷನ್ ಬೇರೆ ತಗೊಂಡಿದ್ದಾರೆ."

ಮಾವನಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಚುಚ್ಚಿಕೊಂಡು ಪೂಜೆಗೆ ಕೂತು, ಸಾಲಿಗ್ರಾಮಕ್ಕೆ ಎರೆದ ನೀರನ್ನು ತೀರ್ಥವೆಂದು ಕುಡಿದ ಮೇಲೆಯೇ ಅವರ ಊಟ. ತಡವಾದರೆ ಸಕ್ಕರೆ ಇಳಿದು ಬೀಳುತ್ತಾರೆ. ಒಮ್ಮೆ ಬಿದ್ದಿದ್ದರು ಕೂಡ. ಗೊತ್ತಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

"ನನ್ನ ಹತ್ರ ಉಂಟು ಅತ್ತೆ. ಬಂದೆ. ಅವರಿಗೊಂದು ಬಾಳೆಹಣ್ಣು ಕೊಡಿ."

"ಪೂಜೆ ಆಗದೆ ನೀರೂ ಮುಟ್ಟುದಿಲ್ಲವಂತೆ. ನೀನೇ ಹೇಳು."

ಫೋನ್ ಮಾವನ ಕೈಗೆ ಹೋಯಿತು. "ನೀನು ಮೊದಲು ಬಾ," ಎಂದು ಇಟ್ಟುಬಿಟ್ಟರು. ಆಗಲೇ ಮಾತು ತೊದಲುತ್ತಿತ್ತು.

ದಾರಿಯುದ್ದಕ್ಕೂ ಹಠಮಾರಿ ಮುದುಕ ಎಂದು ಅವರನ್ನು ಬೈದೆ, ಅತಿಬುದ್ಧಿವಂತೆ ಎಂದು ನನ್ನನ್ನೂ ಬೈದುಕೊಂಡೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನನಗೆ ಮಾನದ ಚಿಂತೆ ಇರಲಿಲ್ಲ. ಅವರು ಬೀಳದೆ ಕೂತಿದ್ದರೆ ಸಾಕಿತ್ತು.

ಕೂತಿದ್ದರು. ಗೋಡೆಗೆ ಒರಗಿದ್ದರು, ಮೈಯೆಲ್ಲ ಬೆವರು. ಸಾಲಿಗ್ರಾಮವನ್ನು ತಾಮ್ರದ ತಟ್ಟೆಯಲ್ಲಿಟ್ಟೆ. ಅವರು ತಂಬಿಗೆ ಎತ್ತಿದರು. ಕೈ ನಡುಗಿ ನೀರೆಲ್ಲ ನೆಲಕ್ಕೆ ಚೆಲ್ಲಿತು. ಇನ್ನೊಮ್ಮೆ ಎತ್ತಲು ಹೋದರು, ಆಗಲಿಲ್ಲ.

"ನೀನೇ ಎರೆ."

"ನಾನಾ?"

"ಬೆಳಿಗ್ಗೆ ಮುಟ್ಟುವಾಗ ಕೇಳಿದ್ಯಾ? ಎರೆ!"

ಎರೆದೆ. ಅವರು ಮಂತ್ರ ಗೊಣಗಿದರು. ಸುರುಳಿಯ ಗೀರುಗಳಲ್ಲಿ ಹರಿದು ಬಂದ ನೀರನ್ನು ನಾನೇ ಅವರ ಬಾಯಿಗೆ ಬಿಟ್ಟೆ. ಆಮೇಲೆ ಅತ್ತೆ ಸಕ್ಕರೆ ಕದಡಿದ ಹಾಲು ಕುಡಿಸಿದರು. ಮುಖಕ್ಕೆ ಕಳೆ ಬರುವವರೆಗೆ ನಾನು ಅಲ್ಲೇ ಅಳುತ್ತಾ ಕೂತಿದ್ದೆ.

ಮಾವ ಒಂದು ಮಾತೂ ಬೈಯಲಿಲ್ಲ. ಆದರೆ ಮರುದಿನದಿಂದ ಇಂಜೆಕ್ಷನ್ ಚುಚ್ಚಿಕೊಳ್ಳುವ ಮೊದಲು ಪೆಟ್ಟಿಗೆ ತೆರೆದು ನೋಡುತ್ತಾರೆ. ಆಮೇಲೆ ಒಮ್ಮೆ ನನ್ನನ್ನೂ ನೋಡುತ್ತಾರೆ.